ಸಾವಂತ್ರವ್ವ ಉಣಿಸಿದ ಅಣಬೆ

ಸಂಜುವಿನ ಫೋನು ಬಂದಾಗ ಗೋದಾ ಹಿತ್ತಿಲಲ್ಲಿ ಡ್ರಮ್ಮಿನ ಬಿಸಿನೀರಿನಿಂದ ಗೋದಿ ಹೊಟ್ಟು ಎತ್ತಿ ಬಸಿಯಲು ಹಾಕುತ್ತಿದ್ದಳು. ಫೋನು ಒಮ್ಮೆ ಹೊಡೆದುಕೊಂಡು ನಿಂತಿತು, ಮತ್ತೆ ಹೊಡೆದುಕೊಂಡಿತು. ಸಾವಂತ್ರವ್ವನ ಮಗ ಸಂಜು ರಾಂಜಣಗಾಂವದ ಕಾರ್ಖಾನೆಯಲ್ಲಿ ಹಗಲು ಪಾಳಿಯವನು, ಕೆಲಸದ ಹೊತ್ತಿನಲ್ಲಿ ಎಂದೂ ಫೋನು ಮಾಡಿದವನಲ್ಲ. ಅವಳು ಸೀರೆಗೆ ಕೈ ಒರೆಸಿಕೊಂಡು ಎತ್ತಿದಳು.

"ಅಕ್ಕಾ, ನಮ್ಮ ಮನ್ಯಾಗ ಎಲ್ಲಾರಿಗೂ ವಾಂತಿ ಸುರು ಆಗ್ಯಾವಂತ. ಅಪ್ಪಗ, ಅವ್ವಗ, ಶಿವಾನಿಗೆ. ಫಕೀರಪ್ಪ ಕಾಕಾ ಸಾಸವಡ ದವಾಖಾನಿಗೆ ಒಯ್ದಾನ. ಮಧ್ಯಾಹ್ನ ಅಣಬಿ ಪಲ್ಯ ಉಂಡಿದ್ರಂತ್ರಿ."

"ಅಣಬಿ?" ಎಂದಳು ಗೋದಾ.

"ಹೌದ್ರಿ. ನಾ ಈಗ ಹೊಂಟೀನಿ. ನಾ ಮುಟ್ಟೂತನಕ ನೀವರೆ ಹೋಗ್ರಿ ಅಕ್ಕಾ."

ಹೊಟ್ಟನ್ನು ಅಲ್ಲೇ ಬಿಟ್ಟು, ಒಲೆಗೆ ನೀರು ಸುರಿದು, ಅವಳು ಸ್ಕೂಟಿ ತೆಗೆದಳು. ಸಣ್ಣಗೆ ಮಳೆ ಹನಿಯುತ್ತಿತ್ತು. ಸಾಸವಡದ ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಒಂದೇ ಮಾತು: ಆಗಲಿಕ್ಕಿಲ್ಲ. ನಮ್ಮ ಅಣಬೆ ತಿಂದು ಯಾರಿಗೂ ಹೀಗೆ ಆಗಲಿಕ್ಕಿಲ್ಲ.

ಪುಣೆಯ ಕಡೆಯ, ಸಾಸವಡಕ್ಕೆ ಹತ್ತಿರದ ಅವಳ ಊರಿನಲ್ಲಿ ಅಥಣಿ, ರಾಯಬಾಗದ ಕಡೆಯಿಂದ ಬಂದು ನೆಲೆ ನಿಂತ ಕನ್ನಡದ ಮನೆಗಳು ಬೆರಳೆಣಿಕೆಯಷ್ಟು. ತುಂಡು ಹೊಲಗಳು, ಗೋದಿ, ಸೋಯಾ, ಸಜ್ಜೆ, ಬದುವಿನ ಮೇಲೆ ಸೀತಾಫಲದ ಗಿಡ. ರಾಶಿಯಾದ ಮೇಲೆ ಉಳಿದ ಹೊಟ್ಟಿನಲ್ಲಿ ಎಮ್ಮೆಗೆ ಬೇಕಾದಷ್ಟು ಇಟ್ಟುಕೊಂಡು ಮಿಕ್ಕದ್ದಕ್ಕೆ ಬೆಂಕಿ ಹಚ್ಚುವುದು ರೂಢಿ. ಗಂಡ ಬಿಂದುಮಾಧವನಿಗೆ ಪುಣೆಯ ಕಚೇರಿಯೊಂದರಲ್ಲಿ ಗುಮಾಸ್ತಿಕೆ ಇದ್ದುದರಿಂದ ಗೋದಾ ಅಲ್ಲಿಗೆ ಹೋಗಿ ಬರುತ್ತಿದ್ದಳು. ಹಾಗೆ ಒಮ್ಮೆ ಹೋದಾಗ ಅಣಬೆ ಬೇಸಾಯದ ತರಬೇತಿ ಪಡೆದು, ಬೀಜದ ಪೊಟ್ಟಣ ಹಿಡಿದುಕೊಂಡು ಬಂದಿದ್ದಳು. ಹೊಟ್ಟನ್ನು ಬಿಸಿನೀರಿನಲ್ಲಿ ನೆನೆಸಿ, ಬಸಿದು, ಪ್ಲಾಸ್ಟಿಕ್ ಚೀಲದಲ್ಲಿ ಪದರು ಪದರಾಗಿ ಬೀಜದ ಜೊತೆ ತುಂಬಿ ಕತ್ತಲೆ ಕೋಣೆಯಲ್ಲಿ ತೂಗುಹಾಕಿದರೆ ಸ್ವಲ್ಪ ದಿನಕ್ಕೆ ಹೊಟ್ಟೆಲ್ಲ ಬಿಳಿ ಬೂಜು ಹೊದ್ದು, ಆಮೇಲೆ ಚೀಲದ ತೂತುಗಳಿಂದ ಚಿಪ್ಪಿನಂಥ ಅಣಬೆ ಗೊಂಚಲು ಗೊಂಚಲಾಗಿ ಹೊರಬರುತ್ತಿತ್ತು. ಮೊದಲು ತನ್ನ ಆಡಿನ ಕೊಟ್ಟಿಗೆಯಲ್ಲಿ ಬೆಳೆದಳು. ನೋಡಿ ಕಲಿಯಲು ಮೊದಲು ಬಂದವಳು ಸಾವಂತ್ರವ್ವ. ಆಮೇಲೆ ಇನ್ನೂ ನಾಲ್ಕು ಮನೆಯ ಹೆಂಗಸರು ಬಂದರು. ಈಗ ದಿನಾ ಮುಂಜಾನೆ ಗೋದಾ ಮನೆಮನೆಗೆ ಬುಟ್ಟಿ ಹಿಡಿದು ಹೋಗಿ, ಕೊಯ್ದದ್ದನ್ನೆಲ್ಲ ತಂದು, ಪ್ಯಾಕೆಟ್ ಮಾಡಿ, ಟೆಂಪೋದಲ್ಲಿ ಪುಣೆಗೆ ಕಳಿಸುತ್ತಿದ್ದಳು. ಅಲ್ಲಿ ಅಕ್ಷಯ ಎಂಬ ಧಾರವಾಡದ ಕಡೆಯ ವ್ಯಾಪಾರಿ ಅವನ್ನು ಹೋಟೆಲುಗಳಿಗೆ ಹಂಚುತ್ತಿದ್ದ.

ಇವತ್ತು ಮುಂಜಾನೆಯ ಮಾಲು ಆಗಲೇ ಪುಣೆ ಮುಟ್ಟಿರಬೇಕು. ಅದರಲ್ಲಿ ಸಾವಂತ್ರವ್ವನ ಮನೆಯದೂ ಇತ್ತು. ಇದು ಹೊಳೆದದ್ದೇ ಗೋದಾ ಸ್ಕೂಟಿಯ ವೇಗ ಹೆಚ್ಚಿಸಿದಳು.

ದವಾಖಾನೆಯ ಬಾಗಿಲಲ್ಲಿ ಫಕೀರಪ್ಪ ನಿಂತಿದ್ದ. ಸಾವಂತ್ರವ್ವನ ಮೈದುನ, ಎಮ್ಮೆ ಕಟ್ಟಿ ಹಾಲು ಹಾಕುವವನು. ಅಣಬೆ ಬೇಸಾಯವೆಂದರೆ ಅವನಿಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಅವನ ಅಂಗಿಯ ಮೇಲೆಲ್ಲ ವಾಂತಿಯ ಕಲೆ.

"ಬಂದ್ಯಾ? ಒಳಗ ಹೋಗಿ ನೋಡು ನಿನ್ನ ಬೆಳಿ. ದನದ ಮೇವು ಕೊಳಸಿ ಮಂದಿಗೆ ತಿನಸ್ತೀನಿ ಅಂದಾಕಿ ನೀನ ಅಲ್ಲೇನು?"

"ಫಕೀರಪ್ಪಣ್ಣಾ, ಏನಾಗೇದ ಅಂತ ಮೊದಲ ತಿಳಕೊಳ್ಳೂಣು."

"ತಿಳಕೊಳ್ಳೂದ ಏನ ಉಳದದ? ಆ ಚೀಲ ಒಂದೂ ಉಳಸೂದಿಲ್ಲ ನಾ ಇವತ್ತ." ಅವನು ತನ್ನ ಗಾಡಿ ಹತ್ತಿ ಊರ ಕಡೆ ತಿರುಗಿಸಿಕೊಂಡು ಹೋಗಿಯೇಬಿಟ್ಟ.

ಒಳಗೆ ಮೂವರೂ ಒಂದೇ ಸಾಲಿನಲ್ಲಿ ಮಲಗಿದ್ದರು. ಮೂವರ ಕೈಗೂ ಸಲಾಯಿನ್. ಸಂಜುವಿನ ಅಪ್ಪ ಅಪ್ಪಾಸಾಹೇಬ ಕಣ್ಣು ಮುಚ್ಚಿ ನರಳುತ್ತಿದ್ದ. ಸಾವಂತ್ರವ್ವನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಸೊಸೆ ಶಿವಾನಿಯ ಸ್ಥಿತಿ ಎಲ್ಲರಿಗಿಂತ ಕೆಟ್ಟದ್ದು. ಅವಳಿಗೆ ವಾಂತಿಯ ಜೊತೆ ಭೇದಿ, ಭೇದಿಯಲ್ಲಿ ರಕ್ತ. ಮದುವೆಯಾಗಿ ಇನ್ನೂ ವರ್ಷ ತುಂಬದ ಹುಡುಗಿ.

ಡಾಕ್ಟರಮ್ಮ ಗೋದಾಳನ್ನು ಪಕ್ಕಕ್ಕೆ ಕರೆದು ಮರಾಠಿಯಲ್ಲಿ ಕೇಳಿದರು, "ಇವರು ತಿಂದದ್ದು ಯಾವ ಅಣಬೆ? ಮನೆಯಲ್ಲಿ ಬೆಳೆದದ್ದೋ, ಅಡವಿಯದ್ದೋ? ನನಗೆ ಖಾತ್ರಿಯಾಗಿ ತಿಳಿಯಬೇಕು. ಕೆಲವು ಅಣಬೆ ತಿಂದ ಕೂಡಲೇ ಹೊಟ್ಟೆ ಕೆಡಿಸಿ ಬಿಟ್ಟುಬಿಡುತ್ತವೆ. ಕೆಲವು ಸುಮ್ಮನಿದ್ದು ಆಮೇಲೆ ಯಕೃತ್ತನ್ನೇ ಹಿಡಿಯುತ್ತವೆ. ಎರಡಕ್ಕೂ ನಾನು ಮಾಡಬೇಕಾದ್ದು ಬೇರೆ ಬೇರೆ."

ಗೋದಾ ಸಾವಂತ್ರವ್ವನ ಮಂಚದ ಮೇಲೆ ಬಾಗಿದಳು. "ಕಾಕೂ, ನಾ ಗೋದಾ. ಯಾವ ಅಣಬಿ ಮಾಡಿದ್ರಿ? ಅಡವ್ಯಾಗಿಂದೇನು?"

ಸಾವಂತ್ರವ್ವ ಕಷ್ಟಪಟ್ಟು ತುಟಿ ತೆರೆದಳು. "ಇಲ್ಲವ್ವಾ. ಹೊರಗಿಂದ ಯಾಕ ತರಲಿ? ನಮ್ಮ ಚೀಲದ್ದ."

"ಖರೇನ ಕಾಕೂ?"

"ನಮ್ಮ ಚೀಲದ್ದ ಗೋದಾ. ದೇವರಾಣಿ."

ಗೋದಾ ತಿರುಗಿ ನಿಂತಳು. ಡಾಕ್ಟರು ಕಾಯುತ್ತಿದ್ದರು. "ಮನೆಯಲ್ಲಿ ಬೆಳೆದದ್ದಂತೆ," ಎಂದು ಮರಾಠಿಯಲ್ಲಿ ಹೇಳುವಾಗ ಅವಳ ದನಿ ಅವಳಿಗೇ ಬೇರೆ ಯಾರದೋ ಎನಿಸಿತು. "ಆದರೆ ಡಾಕ್ಟರ್, ಅದರಿಂದ ಹೀಗೆ ಆಗುವುದಿಲ್ಲ."

"ಆಗಿದೆಯಲ್ಲ," ಎಂದರು ಡಾಕ್ಟರು. ಅದರಲ್ಲಿ ಸಿಟ್ಟೇನೂ ಇರಲಿಲ್ಲ. "ಉಳಿದ ಪಲ್ಯ, ಹಸಿ ಅಣಬೆ, ಸಿಪ್ಪೆ, ಏನು ಸಿಕ್ಕರೂ ತಂದುಕೊಡಿ. ಬೇಗ."

ಅವಳು ವರಾಂಡಕ್ಕೆ ಬಂದು ಫೋನು ಹಿಡಿದಳು. ಅಕ್ಷಯನ ನಂಬರಿನ ಮೇಲೆ ಬೆರಳು ಇಟ್ಟು ಒಂದು ಗಳಿಗೆ ನಿಂತಳು. ಈ ಒಂದು ಫೋನಿನಿಂದ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಮಾಡದಿದ್ದರೆ ಏನಾಗಬಹುದೆಂಬುದು ಒಳಗೆ ಮಂಚದ ಮೇಲಿತ್ತು.

"ಅಕ್ಷಯ, ಇವತ್ತಿನ ಮಾಲು ಎಲ್ಲಿ ಅದ?"

"ಹಂಚೀನ್ರಿ ಅಕ್ಕಾವರ. ಕೊಥರೂಡದಾಗ ಒಂದು ನಿಶ್ಚಿತಾರ್ಥದ ಆರ್ಡರ್ ಇತ್ತು, ಅದಕ್ಕ ಅರ್ಧ ಹೋತು. ಯಾಕ್ರಿ?"

"ಎಲ್ಲಾ ತಿರುಗಿ ತಗೋ. ಯಾರೂ ಅಡಗಿ ಮಾಡಬಾರದು. ಮಾಡಿದ್ರ ಚೆಲ್ಲಲಿ. ಇಲ್ಲಿ ಒಂದ ಮನಿ ಮಂದಿ ಉಂಡು ದವಾಖಾನ್ಯಾಗ ಬಿದ್ದಾರ."

ಅವನು ದನಿ ತಗ್ಗಿಸಿ ಕೇಳಿದ, "ಮಾಲು ಕೆಟ್ಟದ ಅಂತ ಗ್ಯಾರಂಟಿ ಅದ ಏನ್ರಿ?"

"ಇಲ್ಲ."

"ಮತ್ತ?"

"ಕೆಟ್ಟಿಲ್ಲ ಅಂತನೂ ಗ್ಯಾರಂಟಿ ಇಲ್ಲಲ್ಲ."

"ಅಕ್ಕಾವರ, ಸ್ವಲ್ಪ ವಿಚಾರ ಮಾಡ್ರಿ. ಒಮ್ಮೆ ಈ ಮಾತು ಹೋಟೆಲಿನವರ ಕಿವಿಗೆ ಬಿತ್ತಂದ್ರ ನಿಮ್ಮ ಊರಿಂದು ಒಂದ ಪ್ಯಾಕೆಟ್ ಸೈತ ಯಾರೂ ಮುಟ್ಟೂದಿಲ್ಲ. ಇವತ್ತಲ್ಲ, ನಾಳೆನೂ ಇಲ್ಲ."

"ಅಲ್ಲಿ ಉಣ್ಣಾಕ ಕುಂತಾವ್ರೊಳಗ ನಿಮ್ಮ ತಾಯಿ ಇದ್ದಾರ ಅಂತ ತಿಳಕೊಂಡ ಫೋನ್ ಮಾಡು," ಎಂದು ಗೋದಾ ಫೋನು ಇಟ್ಟಳು. ಸ್ಕೂಟಿ ಹತ್ತಿ ಊರ ಕಡೆ ತಿರುಗಿಸಿದಳು.

ಅವಳು ಸಾವಂತ್ರವ್ವನ ಮನೆ ಮುಟ್ಟುವಷ್ಟರಲ್ಲಿ ಅಂಗಳದಲ್ಲಿ ಜನ ಕೂಡಿತ್ತು. ಅಣಬೆಯ ಕೋಣೆಯ ಬಾಗಿಲು ಹಾರುಹೊಡೆದಿತ್ತು. ಒಳಗಿನಿಂದ ಪ್ಲಾಸ್ಟಿಕ್ ಹರಿಯುವ ಸದ್ದು. ಫಕೀರಪ್ಪ ಕುಡುಗೋಲಿನಿಂದ ತೂಗುಹಾಕಿದ ಚೀಲಗಳನ್ನು ಒಂದೊಂದಾಗಿ ಸೀಳುತ್ತಿದ್ದ. ನೆಲದ ಮೇಲೆ ಬಿಳಿ ಬೂಜು ಹಿಡಿದ ಹೊಟ್ಟು ಚೆಲ್ಲಾಡಿತ್ತು. ಅಂಗಳದಲ್ಲಿದ್ದ ಒಬ್ಬರೂ ಅವನನ್ನು ತಡೆಯುತ್ತಿರಲಿಲ್ಲ. ಯಾರೋ ಸೀಮೆಎಣ್ಣೆಯ ಡಬ್ಬಿಯನ್ನೂ ತಂದಿಟ್ಟಿದ್ದರು.

ಗೋದಾ ಒಳಗೆ ನುಗ್ಗಿ ಉಳಿದ ಚೀಲಗಳಿಗೆ ಅಡ್ಡ ನಿಂತಳು. ಕುಡುಗೋಲು ಅವಳ ಭುಜದ ಹತ್ತಿರ ಬಂದು ನಿಂತಿತು.

"ಸರಿ ಆಕಡೆ."

"ಕಡೀರಿ. ಬ್ಯಾಡ ಅನ್ನೂದಿಲ್ಲ. ಆದ್ರ ಏನ ಉಂಡ್ರು ಅನ್ನೂದು ಗೊತ್ತಾಗೂತನ ಕೈ ತಡೀರಿ. ಶಿವಾನಿಗೆ ಯಾವ ಔಷಧ ಕೊಡಬೇಕು ಅಂತ ಡಾಕ್ಟರಿಗೆ ತಿಳೀಬೇಕು. ಇದನ್ನೆಲ್ಲಾ ನೀವು ಸುಟ್ಟ ಮ್ಯಾಲೆ ನಾ ಅವರಿಗೆ ಬೂದಿ ಒಯ್ದ ತೋರಸ್ಲೇನು?"

ಶಿವಾನಿಯ ಹೆಸರು ಕೇಳಿ ಅವನ ಕೈ ಸಡಿಲಾಯಿತು. ಏದುಸಿರು ಬಿಡುತ್ತ ಗೋಡೆಗೆ ಒರಗಿದ.

ಗೋದಾ ಬಾಗಿ ಹರಿದ ಚೀಲಗಳನ್ನೂ ನೇತಾಡುವ ಚೀಲಗಳನ್ನೂ ನೋಡತೊಡಗಿದಳು. ಎಲ್ಲೂ ಹಸಿರು ಬೂಜಿಲ್ಲ, ಕಪ್ಪು ಕಲೆಯಿಲ್ಲ, ಹುಳಿ ವಾಸನೆಯಿಲ್ಲ. ತೂತುಗಳಲ್ಲಿ ಗುಂಡುಸೂಜಿಯ ತಲೆಯಷ್ಟು ಹೊಸ ಮೊಗ್ಗುಗಳು ಮಾತ್ರ. ದೊಡ್ಡ ಗೊಂಚಲು ಒಂದೂ ಇರಲಿಲ್ಲ. ಇರುವುದಾದರೂ ಹೇಗೆ? ಮುಂಜಾನೆ ಅವಳೇ ನಿಂತು ಕೊಯ್ಯಿಸಿ ಬುಟ್ಟಿ ತುಂಬಿಕೊಂಡು ಹೋಗಿದ್ದಳು. ಕಡೆಯ ಗೊಂಚಲನ್ನೂ ಸಾವಂತ್ರವ್ವ ತಾನಾಗಿಯೇ ಬುಟ್ಟಿಗೆ ಹಾಕಿದ್ದಳು.

ಹಾಗಾದರೆ ಮಧ್ಯಾಹ್ನ ಪಲ್ಯ ಮಾಡಲು ಅಣಬೆ ಬಂದದ್ದು ಎಲ್ಲಿಂದ?

"ಫಕೀರಪ್ಪಣ್ಣಾ," ಅವಳು ಎದ್ದು ನಿಂತಳು, "ಇವತ್ತ ಮುಂಜಾನಿ ನೀವು ಕಾಕೂನ್ನ ನೋಡಿದ್ರೇನು? ನಾ ಹೋದ ಮ್ಯಾಲೆ?"

"ನೋಡದೇನು. ಹಾಲು ಕೊಡಾಕ ಬಂದಿದ್ದೆ. ವೈನಿ ಹಿತ್ತಲದಾಗಿಂದ ಬರ್ತಿದ್ಲು."

"ಬರೇ ಕೈಲೇ?"

ಅವನು ಹುಬ್ಬು ಗಂಟಿಕ್ಕಿದ. "ಸೆರಗಿನ್ಯಾಗ ಏನೋ ಕಟಗೊಂಡಿದ್ಲು. ಕೇಳಿದ್ರ ನಕ್ಕಳು. ಇವತ್ತ ನಮಗೂ ಹಬ್ಬ ಅಂದ್ಲು."

ಇಬ್ಬರೂ ಹಿತ್ತಿಲಿಗೆ ಓಡಿದರು. ಬೇಲಿಯ ಮಗ್ಗುಲಲ್ಲಿ, ಬೆಳೆ ಮುಗಿದ ಚೀಲಗಳ ಹಳೆಯ ಹೊಟ್ಟನ್ನು ಸಾವಂತ್ರವ್ವ ಸಗಣಿಯ ಜೊತೆ ಸುರಿದು ತಿಪ್ಪೆ ಮಾಡಿದ್ದಳು. ಮಳೆಯಲ್ಲಿ ನೆನೆದ ಆ ತಿಪ್ಪೆಯ ಮೇಲೆ ಬಿಳಿ ಕೊಡೆಗಳು ಎದ್ದು ನಿಂತಿದ್ದವು. ರೊಟ್ಟಿಯಷ್ಟು ಅಗಲ, ಮೇಲೆ ಕಂದು ಚಕ್ಕೆ. ನೋಡಲು ಬಲು ಚೆಂದ. ಕೆಲವನ್ನು ಬುಡದಲ್ಲಿ ಮುರಿದು ಒಯ್ದ ಗುರುತಿತ್ತು.

ಗೋದಾ ಎಲೆಯಲ್ಲಿ ಹಿಡಿದು ಒಂದನ್ನು ಕಿತ್ತು ತಿರುಗಿಸಿದಳು. ಕಾಂಡಕ್ಕೆ ಬಳೆಯಂಥ ಪಟ್ಟಿ. ಕೊಡೆಯ ಒಳಮೈಯ ಗೆರೆಗಳು ಹಸಿರಿಗೆ ತಿರುಗಿದ್ದವು.

ನಮ್ಮ ಚೀಲದ್ದ. ಸಾವಂತ್ರವ್ವ ಸುಳ್ಳು ಹೇಳಿರಲಿಲ್ಲ. ಅವಳ ಪಾಲಿಗೆ ಇದೂ ತನ್ನ ಚೀಲದ ಹೊಟ್ಟಿನಲ್ಲೇ ಹುಟ್ಟಿದ್ದು. ತಾನು ಹಾಕಿದ ಬೀಜವೇ ಮಳೆಗೆ ಮತ್ತೆ ಎದ್ದದ್ದು. ಹಳೆಯ ಹೊಟ್ಟು ಹೊಲಕ್ಕೆ ಒಳ್ಳೆಯ ಗೊಬ್ಬರ ಎಂದು ಗೋದಾ ಎಲ್ಲರಿಗೂ ಹೇಳಿದ್ದಳು. ಅದರ ಮೇಲೆ ಬೇರೆ ಜಾತಿಯದು ಏಳಬಹುದು, ಅದನ್ನು ಮುಟ್ಟಬೇಡಿ ಎಂದು ಹೇಳಿರಲಿಲ್ಲ. ಯಾರಾದರೂ ಅದನ್ನು ತಿಂದಾರು ಎಂಬುದು ಅವಳ ತಲೆಗೇ ಬಂದಿರಲಿಲ್ಲ. ದವಾಖಾನೆಯಲ್ಲಿ ಆ ಮಾತನ್ನು ಮರಾಠಿಗೆ ತಿರುಗಿಸುವಾಗಲೂ ಬಂದಿರಲಿಲ್ಲ.

ಅವಳು ಅಣಬೆಯ ಮೇಲುಕೆಳಗಿನ ಫೋಟೋ ತೆಗೆದು ದವಾಖಾನೆಗೆ ಕಳಿಸಿದಳು. ಫಕೀರಪ್ಪ ಅಡಿಗೆಮನೆಯಿಂದ ಉಳಿದ ಪಲ್ಯದ ಪಾತ್ರೆಯನ್ನೇ ಎತ್ತಿಕೊಂಡು ಬಂದ. "ಹತ್ತ ಗಾಡಿ," ಎಂದ. ಗಾಡಿಯನ್ನು ಎದುರಿಗೆ ಬಂದವರೆಲ್ಲ ಬೈಯುವ ಹಾಗೆ ಓಡಿಸಿದ.

ಡಾಕ್ಟರು ಪಲ್ಯದ ಪಾತ್ರೆ ತೆರೆದು ನೋಡಿದರು. ಫೋಟೋ ಆಗಲೇ ಪುಣೆಯ ತಜ್ಞರಿಗೆ ಹೋಗಿತ್ತು. "ಊಟವಾದ ಎಷ್ಟು ಹೊತ್ತಿಗೆ ವಾಂತಿ ಶುರುವಾಯಿತು?" ಎಂದು ಕೇಳಿದರು.

ಉತ್ತರ ಕೊಟ್ಟವನು ಅಪ್ಪಾಸಾಹೇಬ. ಅವನಿಗೆ ಸ್ವಲ್ಪ ಎಚ್ಚರ ಬಂದಿತ್ತು. "ಉಂಡು ಒಂದ ನಿದ್ದಿ ತಗದಿದ್ದೆ ಅಷ್ಟ. ಹೊಟ್ಟಿ ತೊಳಸಿ ಎದ್ದೆ."

ಗೋದಾ ಅದನ್ನು ಮರಾಠಿಯಲ್ಲಿ ಹೇಳಿದಳು. ಈ ಸಲ ಒಂದೊಂದು ಶಬ್ದವನ್ನೂ ತೂಗಿ ಹೇಳಿದಳು. ಡಾಕ್ಟರು ತಲೆಯಾಡಿಸಿದರು. "ಬೇಗ ಶುರುವಾದದ್ದು ಒಳ್ಳೆಯ ಲಕ್ಷಣ. ತಜ್ಞರೂ ಇದು ಹೊಟ್ಟೆ ಹಿಡಿಯುವ ಜಾತಿ ಅನ್ನುತ್ತಿದ್ದಾರೆ. ಆದರೂ ರಕ್ತ ಪರೀಕ್ಷೆ ಆಗುತ್ತಲೇ ಇರಬೇಕು. ಈ ಹುಡುಗಿಯ ಬಿಪಿ ಇಳಿಯುತ್ತಲೇ ಇದೆ. ಇವಳನ್ನು ಇಲ್ಲಿ ಇಟ್ಟುಕೊಳ್ಳಲಾರೆ. ಪುಣೆಗೆ ಒಯ್ಯಿರಿ."

ಆಂಬುಲೆನ್ಸಿನಲ್ಲಿ ಶಿವಾನಿಯ ಜೊತೆ ಗೋದಾ ಕೂತಳು. ಸಂಜು ನೇರವಾಗಿ ಪುಣೆಯ ಆಸ್ಪತ್ರೆಗೇ ಬರುವುದೆಂದಾಯಿತು. ದಿವೇ ಘಾಟಿನ ತಿರುವಿಗೆ ಬರುವ ಹೊತ್ತಿಗೆ ಮಳೆ ಜೋರಾಗಿ, ಮುಂದಿನ ಗಾಡಿಗಳ ಕೆಂಪು ದೀಪ ಬಿಟ್ಟರೆ ಏನೂ ಕಾಣದಾಯಿತು. ಇಳಿಜಾರಿನಲ್ಲಿ ಒಂದು ಟ್ರಕ್ಕು ಕೆಟ್ಟು ಅಡ್ಡ ನಿಂತಿತ್ತು. ಸೈರನ್ನು ಕೂಗುತ್ತಲೇ ಇತ್ತು, ಗಾಡಿ ಮಾತ್ರ ಅಲುಗಲಿಲ್ಲ. ಸಲಾಯಿನ್ ಬಾಟಲಿ ಹಿಡಿದ ನರ್ಸು ಮತ್ತೆ ಮತ್ತೆ ಶಿವಾನಿಯ ನಾಡಿ ಮುಟ್ಟಿ ನೋಡುತ್ತಿದ್ದಳು, ಡ್ರೈವರನಿಗೆ ಮರಾಠಿಯಲ್ಲಿ ಏನೇನೋ ಒದರುತ್ತಿದ್ದಳು.

"ಮಲಗಬ್ಯಾಡ ಶಿವಾನಿ. ನನ್ನ ಕೂಡ ಮಾತಾಡು." ಗೋದಾ ಅವಳ ತಣ್ಣಗಿನ ಅಂಗೈ ತಿಕ್ಕಿದಳು.

"ನಾ ಅಂದಿದ್ದೆ ಅಕ್ಕಾ," ಶಿವಾನಿಯ ದನಿ ಎಲ್ಲೋ ದೂರದಿಂದ ಬಂದಂತಿತ್ತು, "ಇವು ಬ್ಯಾರೆ ಕಾಣಸ್ತಾವಲ್ಲ ಅಂತ. ಅತ್ತಿ ಅಂದ್ರು, ಸಣ್ಣಾಕಿ ಇದ್ದಾಗ ಗುಡುಗಿದ ಮರುದಿನ ಹೊಲದಾಗ ಹಿಂತಾವ ಆರಿಸಿ ತಿಂತಿದ್ವಿ ಅಂತ. ಭಾಳ ಖುಷೀಲೆ ಮಾಡಿದ್ರು. ನನಗ ಎರಡ ಸಲ ನೀಡಿದ್ರು."

"ಆತು ಬಿಡು. ಏನೂ ಆಗೂದಿಲ್ಲ."

"ಅಕ್ಕಾ, ಚೀಲದಾಗಿನವು ರುಚಿ ಹೆಂಗಿರ್ತಾವ?"

ಗೋದಾಳಿಗೆ ಕೂಡಲೇ ಅರ್ಥವಾಗಲಿಲ್ಲ.

"ದಿನಾ ಕೊಯ್ತೀನಿ. ತಿಂದ ನೋಡಿಲ್ಲ. ನಮ್ಮ ಮನ್ಯಾಗ ಯಾರೂ ತಿಂದಿಲ್ಲ."

ಹೊರಗೆ ಜನ ಟ್ರಕ್ಕಿಗೆ ಕೈ ಹಚ್ಚಿ ಒಂದು ಮಗ್ಗುಲಿಗೆ ತಳ್ಳುತ್ತಿದ್ದರು. ಗಾಡಿ ತೆವಳಿತು. ಗೋದಾ ಶಿವಾನಿಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಐದು ಮನೆಯ ಕೋಣೆಗಳಿಗೆ ಅವಳು ಬುಟ್ಟಿ ಹಿಡಿದು ಹೋಗುತ್ತಿದ್ದಳು. ಒಂದು ಗೊಂಚಲು ಒಲೆಗೆ ಇರಲಿ ಎಂದು ಒಂದು ದಿನವೂ ಅಂದಿರಲಿಲ್ಲ.

ಶಿವಾನಿ ಆ ರಾತ್ರಿಯನ್ನು ದಾಟಿದಳು. ಮೂತ್ರಪಿಂಡಗಳು ಸೋಲುವ ಅಂಚಿಗೆ ಹೋಗಿ ತಿರುಗಿ ಬಂದವು ಎಂದು ಪುಣೆಯ ಡಾಕ್ಟರು ಸಂಜುವಿಗೆ ಹೇಳಿದರು. ಅಪ್ಪಾಸಾಹೇಬ, ಸಾವಂತ್ರವ್ವ ಇಬ್ಬರೂ ಅವಳಿಗಿಂತ ಮೊದಲೇ ಮನೆಗೆ ಬಂದರು. ಕೊಥರೂಡದ ನಿಶ್ಚಿತಾರ್ಥದಲ್ಲಿ ಅಣಬೆ ಎಲೆಗೆ ಬೀಳುವ ಮೊದಲೇ ಅದನ್ನು ತೆಗೆಸಿದ್ದರು. ಬೇರೆ ಒಂದು ಹೋಟೆಲಿನಲ್ಲಿ ಫೋನು ಹೋಗುವಷ್ಟರಲ್ಲಿ ಜನ ಉಂಡು ಎದ್ದಿದ್ದರು, ಅವರಿಗೆ ಏನೂ ಆಗಲಿಲ್ಲ. ಮಾಲು ಚೆನ್ನಾಗಿಯೇ ಇತ್ತು.

"ಸುಳ್ಳ ಸುಳ್ಳ ಚೆಲ್ಲಿಸಿದ್ರಿ ಅಕ್ಕಾವರ," ಎಂದ ಅಕ್ಷಯ. "ಗಿರಾಕಿಗೋಳು ನನ್ನ ಕೇಳ್ತಾರ. ನಾ ಏನ ಹೇಳ್ಲಿ?" ಅವನು ಅಣಬೆಯನ್ನು ಲೋಣಾವಳಾ ಕಡೆಯ ಬೇರೆಯವರಿಂದ ತರಿಸತೊಡಗಿದ. ಗೋದಾ ಅವನ ಮೇಲೆ ಸಿಟ್ಟಾಗಲಿಲ್ಲ. ಮತ್ತೆ ಅಂಥ ಹೊತ್ತು ಬಂದರೆ ಫೋನು ಮಾಡದೆ ಇರುವುದೂ ಇಲ್ಲ ಎಂದಷ್ಟೇ ಹೇಳಿದಳು. ಐದು ಮನೆಗಳಲ್ಲಿ ಎರಡು ಈ ಬೇಸಾಯವನ್ನೇ ಬಿಟ್ಟವು. ಆ ಹೆಂಗಸರ ಗಂಡಂದಿರು ಚೀಲಗಳನ್ನು ಕಿತ್ತು ಒಗೆದಿದ್ದರು.

ಸಾವಂತ್ರವ್ವ ಬಹಳ ದಿನ ಗೋದಾಳಿಗೆ ಮುಖ ಕೊಟ್ಟು ಮಾತಾಡಲಿಲ್ಲ. ಕಡೆಗೆ ಗೋದಾಳೇ ಹೋಗಿ ಕಟ್ಟೆಯ ಮೇಲೆ ಅವಳ ಪಕ್ಕ ಕೂತಳು.

"ಕಾಕೂ, ಇಷ್ಟ ದಿನಾ ಚೀಲದಾಗಿಂದ ಒಂದ ಗೊಂಚಲರೆ ಮನೀಗೆ ಯಾಕ ಇಟಗೊಳ್ಳಿಲ್ಲ?"

ಸಾವಂತ್ರವ್ವ ಸೆರಗಿನ ಅಂಚು ಹಿಂಡಿದಳು. "ನೀ ಬುಟ್ಟಿ ಹಿಡಕೊಂಡ ನಿಂದಿರ್ತಿದ್ದಿ. ಮಾರೂ ಮಾಲಿನ ಮ್ಯಾಲೆ ಕೈ ಹಾಕಿದ್ರ ನೀ ಏನ ಅಂದ್ಕೋತೀಯೋ ಅಂತ. ಅವು ಹಿತ್ತಲದಾಗಿನವು ಯಾರ ಬುಟ್ಟಿಗೂ ಹೋಗೂವಲ್ಲ. ನಮ್ಮ ಪಾಲಿಗೆ ದೇವರ ಕೊಟ್ಟಾನ ಅನಸ್ತು. ಸೊಸಿಗೆ ಎರಡ ಸಲ ನೀಡಿದೆ ಗೋದಾ. ಈ ಕೈಲೇ ನೀಡಿದೆ." ಅವಳು ಬಿಕ್ಕಿ ಬಿಕ್ಕಿ ಅತ್ತಳು. ಗೋದಾ ಅವಳನ್ನು ಸಮಾಧಾನ ಮಾಡಲು ಹೋಗಿ ತಾನೂ ಅತ್ತಳು.

ಫಕೀರಪ್ಪ ತಾನೇ ನಿಂತು ಆ ತಿಪ್ಪೆಯನ್ನು ಹೊಲದಲ್ಲಿ ಆಳಕ್ಕೆ ಹೂಳಿಸಿದ. ಉಳಿದ ಚೀಲಗಳಲ್ಲಿ ಹೊಸ ಗೊಂಚಲು ಬಂದ ದಿನ ಗೋದಾ ಬುಟ್ಟಿಯಿಲ್ಲದೆ ಬಂದು, ಸಾವಂತ್ರವ್ವನ ಒಲೆಯ ಮೇಲೆ ಪಲ್ಯ ಮಾಡಿ, ಎಲ್ಲರ ಮುಂದೆ ಮೊದಲು ತಾನು ಉಂಡಳು. ಅಪ್ಪಾಸಾಹೇಬ ಉಂಡ, ಫಕೀರಪ್ಪ ಮೂತಿ ತಿರುವುತ್ತಲೇ ಉಂಡ. ಶಿವಾನಿ ಒಳಗೆ ಬರಲಿಲ್ಲ. ಒಗ್ಗರಣೆಯ ವಾಸನೆಗೇ ಅವಳಿಗೆ ಹೊಟ್ಟೆ ತೊಳಸುತ್ತಿತ್ತು. ಅವಳಿಗೆ ಯಾರೂ ಒತ್ತಾಯ ಮಾಡಲಿಲ್ಲ.

ಪುಣೆಯ ಮಾರಾಟದ ದಾರಿ ಮುಚ್ಚಿತ್ತು. ಹಾಗಾಗಿ ಗೋದಾ ಸಾಸವಡದ ಸಂತೆಯಲ್ಲಿ ಪ್ಯಾಕೆಟ್ಟುಗಳನ್ನು ಹರಡಿಕೊಂಡು ಕೂರತೊಡಗಿದಳು. ಮೊದಲ ಸಂತೆಯಲ್ಲಿ ಸಾವಂತ್ರವ್ವ ತಾನಾಗಿಯೇ ಬಂದು ಪಕ್ಕದಲ್ಲಿ ಕೂತಳು. ಒಬ್ಬ ಹೆಂಗಸು ಪ್ಯಾಕೆಟ್ ಎತ್ತಿ, ಊರ ಹೆಸರು ಕೇಳಿದ್ದೇ ಕೆಳಗಿಟ್ಟಳು. ಅಣಬೆ ತಿಂದು ಜನ ಸಾಯಲು ಬಿದ್ದ ಊರಲ್ಲವೇ ಅದು ಎಂದು ಜೊತೆಯವಳಿಗೆ ಹೇಳಿದಳು.

ಗೋದಾ ಬಾಯಿ ತೆರೆಯುವ ಮೊದಲೇ ಸಾವಂತ್ರವ್ವ ಎದ್ದು ನಿಂತಿದ್ದಳು. ಅವಳ ಮರಾಠಿ ಹರಕುಮುರುಕು. "ಮೀ ಖಾಲ್ಲಂ," ಎಂದು ಎದೆ ತಟ್ಟಿಕೊಂಡು ತಿಂದವಳು ತಾನೇ ಎಂದು ಹೇಳಿದಳು. "ತೇ ಹೇ ನಾಹೀ, ಬಾಯಿ." ಅದು ಇದಲ್ಲ. ತಿಪ್ಪೆಯ ಮೇಲಿನದು ಕೊಡೆಯಂತಿರುತ್ತದೆ, ಕೊರಳಲ್ಲಿ ಬಳೆಯಿರುತ್ತದೆ, ಒಳಗೆ ಹಸಿರು ಎಂದು ಕೈಯಲ್ಲೇ ಕೊಡೆ ಮಾಡಿ ತೋರಿಸಿದಳು. ನಿಮ್ಮ ಹೊಲದಲ್ಲಿ ಕಂಡರೂ ಮುಟ್ಟಬೇಡಿ, ಮಕ್ಕಳಿಗೆ ಹೇಳಿ ಎಂದಳು. ಸುತ್ತ ನಾಲ್ಕು ಜನ ನಿಂತು ಕೇಳಿದರು.

ಮೊದಲ ಹೆಂಗಸು ಕೊಳ್ಳದೆ ಹೋದಳು. ಕೇಳುತ್ತ ನಿಂತಿದ್ದ ಇನ್ನೊಬ್ಬಳು ಒಂದು ಪ್ಯಾಕೆಟ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇದನ್ನು ಹೇಗೆ ಅಡಿಗೆ ಮಾಡುವುದು ಎಂದು ಕೇಳಿದಳು. ಸಾವಂತ್ರವ್ವ ಅವಳನ್ನು ಹತ್ತಿರ ಕೂರಿಸಿಕೊಂಡು ಹೇಳತೊಡಗಿದಳು.